ತಗಡಿನ ಕಾರ್ಖಾನೆಯಿಂದ ಬಂದ ಸ್ವರ

1965ನೇ ಇಸವಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಒಂದು ತಗಡಿನ ಕಾರ್ಖಾನೆ. ಹದಿನೇಳರ ಹುಡುಗನೊಬ್ಬನಿಗೆ ಅಂದು ಅಲ್ಲಿ ಕೊನೆಯ ದಿನ. ಯುರೋಪ್ ಪ್ರವಾಸಕ್ಕೆ ಹೊರಟಿದ್ದ ಸಂಗೀತ ತಂಡವೊಂದು ಅವನನ್ನು ಗಿಟಾರಿಗೆಂದು ಸೇರಿಸಿಕೊಂಡಿದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ವಾಪಸ್ ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂದು ತಾಯಿ ಮತ್ತೆ ಕಳಿಸಿದಳು.

ಅವನದು ವೆಲ್ಡಿಂಗ್ ಕೆಲಸ. ತಗಡನ್ನು ಪ್ರೆಸ್ಸಿನಲ್ಲಿ ಬಾಗಿಸಿ ಅವನ ಕಡೆಗೆ ದಾಟಿಸುತ್ತಿದ್ದ ಹೆಂಗಸು ಅಂದು ಬಂದಿರಲಿಲ್ಲ. ಮೇಲಿನವರು ಅವನನ್ನೇ ಆ ಯಂತ್ರದ ಮುಂದೆ ನಿಲ್ಲಿಸಿದರು. ರೂಢಿಯಿಲ್ಲದ ಕೈ. ಪ್ರೆಸ್ ಅವನ ಬಲಗೈ ಮೇಲೆ ಇಳಿಯಿತು. ಗಾಬರಿಯಲ್ಲಿ ಕೈಯನ್ನು ಸರ್ರನೆ ಎಳೆದುಕೊಂಡ. ನಡುಬೆರಳಿನ ತುದಿ, ಉಂಗುರ ಬೆರಳಿನ ತುದಿ ಎರಡೂ ಕಿತ್ತುಬಂದವು.

ಹುಡುಗನ ಹೆಸರು ಟೋನಿ ಐಯೋಮಿ. ಅವನು ಎಡಚ, ಎಡಗೈಯಲ್ಲಿ ಮೀಟಿ, ಬಲಗೈ ಬೆರಳುಗಳಿಂದ ತಂತಿ ಒತ್ತುತ್ತಿದ್ದವನು. ಹಾಗಾಗಿ ಹೋದದ್ದು ಸ್ವರ ಹಿಡಿಯುವ ಬೆರಳುಗಳೇ. ಯಾರೋ ಆ ತುಂಡುಗಳನ್ನು ಬೆಂಕಿಪೊಟ್ಟಣದಲ್ಲಿಟ್ಟು ಆಸ್ಪತ್ರೆಗೆ ತಂದುಕೊಟ್ಟರು. ಅಷ್ಟರಲ್ಲಿ ಅವು ಕಪ್ಪಾಗಿದ್ದವು, ಜೋಡಿಸುವಂತಿರಲಿಲ್ಲ. ಗಿಟಾರಿನ ಆಸೆ ಬಿಟ್ಟುಬಿಡುವುದು ಒಳ್ಳೆಯದೆಂದು ವೈದ್ಯರು ಹೇಳಿದರು.

ಮನೆಯಲ್ಲಿ ಮಂಕಾಗಿ ಕುಳಿತಿದ್ದವನನ್ನು ನೋಡಲು ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ಹಿಡಿದು ಬಂದರು. ಹುಡುಗನಿಗೆ ಸಂಗೀತದ ಹೆಸರೆತ್ತಿದರೇ ಸಂಕಟ. ಆದರೂ ಬಲವಂತದಿಂದ ಕೇಳಿಸಿದರು. ಗಿಟಾರ್ ನುಡಿಸುತ್ತಿದ್ದವನು ಜಾಂಗೋ ರೈನ್‌ಹಾರ್ಟ್. 1928ರಲ್ಲಿ ತಾನಿದ್ದ ಕ್ಯಾರವಾನಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಕೆಲಸಕ್ಕೆ ಬಾರದಂತಾದ ಮೇಲೂ ಉಳಿದೆರಡರಲ್ಲೇ ಯುರೋಪಿನ ಜಾಜ್ ಸಂಗೀತವನ್ನು ಬೆಳಗಿದ ಜಿಪ್ಸಿ ಕಲಾವಿದ. ಈ ವಿಷಯವನ್ನು ಮ್ಯಾನೇಜರ್ ಹೇಳಿದ್ದು ಹಾಡು ಮುಗಿದ ಮೇಲೆ.

ಐಯೋಮಿ ಎದ್ದು ಕುಳಿತ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಉಂಡೆ ಮಾಡಿದ. ಆರಿದ ಮೇಲೆ ಕಾದ ಸೋಲ್ಡರಿಂಗ್ ಕಡ್ಡಿಯಿಂದ ಅದರಲ್ಲಿ ಬೆರಳು ಹಿಡಿಯುವಷ್ಟು ತೂತು ಕೊರೆದ. ಮರಳು ಕಾಗದದಿಂದ ಗಂಟೆಗಟ್ಟಲೆ ಉಜ್ಜಿ ಬೆರಳಿನ ಆಕಾರಕ್ಕೆ ತಂದ. ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಅದಕ್ಕೆ ಹಳೆಯ ಜಾಕೆಟ್ಟಿನಿಂದ ತೊಗಲಿನ ಚೂರು ಕತ್ತರಿಸಿ ಅಂಟಿಸಿದ. ಹೀಗೆ ಎರಡು ಪುಟ್ಟ ಟೊಪ್ಪಿಗೆಗಳು ತಯಾರಾದವು. ಅವನ್ನು ಮೊಂಡು ಬೆರಳುಗಳಿಗೆ ತೊಡಿಸಿಕೊಂಡು ತಂತಿ ಒತ್ತಿದ. ನೋವು ಜೀವ ಹಿಂಡಿತು. ಆದರೆ ಸ್ವರ ಹೊರಟಿತು.

ಇವತ್ತು ಜಗತ್ತು ಹೆವಿ ಮೆಟಲ್ ಎಂದು ಕರೆಯುವ ಸಂಗೀತದ ಬೇರು ಹುಡುಕುತ್ತ ಹೋದರೆ ನಾವು ತಲುಪುವುದು ಈ ಎರಡು ಟೊಪ್ಪಿಗೆಗಳ ಹತ್ತಿರಕ್ಕೆ. ಐಯೋಮಿ ಗೆಳೆಯರೊಡನೆ ಕಟ್ಟಿದ ಬ್ಲ್ಯಾಕ್ ಸಬ್ಬತ್ ತಂಡದ ಕತೆಯನ್ನು ಮಾಟ, ಸೈತಾನ, ಬಾವಲಿಗಳ ಕತೆಯಾಗಿ ಹೇಳುವವರೇ ಹೆಚ್ಚು. ನನಗೆ ಕಾಣುವುದು ದುಡಿಯುವ ಕೈಗಳ ಕತೆ. ಕೊರತೆಯನ್ನು ಮುಚ್ಚಿಡದೆ, ಆ ಕೊರತೆಯೊಳಗಿಂದಲೇ ಒಂದು ಹೊಸ ನಾದವನ್ನು ಕಡೆದು ತೆಗೆದವರ ಕತೆ.

ಹೊಗೆಯ ಬೀದಿಗಳು

ಬರ್ಮಿಂಗ್‌ಹ್ಯಾಮಿಗೆ ‘ಸಾವಿರ ಕಸುಬುಗಳ ನಗರ’ ಎಂಬ ಹಳೆಯ ಬಿರುದಿದೆ. ಪೆನ್ನಿನ ಮುಳ್ಳಿನಿಂದ ಹಿಡಿದು ಬಂದೂಕು, ಮೋಟಾರ್ ಬೈಕಿನವರೆಗೆ ಲೋಹದಿಂದ ಏನೇನು ಮಾಡಬಹುದೋ ಎಲ್ಲವನ್ನೂ ಮಾಡಿದ ಊರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಇದನ್ನು ಹುಡುಕಿ ಹುಡುಕಿ ಹೊಡೆದದ್ದು ಅದಕ್ಕೇ. 1940ರ ನವೆಂಬರಿನ ಒಂದು ರಾತ್ರಿ ಬಂದೂಕು ತಯಾರಿಸುತ್ತಿದ್ದ ಬಿಎಸ್‌ಎ ಕಾರ್ಖಾನೆಯ ಮೇಲೆ ಬಾಂಬು ಬಿದ್ದು 53 ಕಾರ್ಮಿಕರು ಸತ್ತರು.

ನಗರದ ಉತ್ತರ ಭಾಗದ ಆಸ್ಟನ್ನಿನಲ್ಲಿ ಬ್ಲ್ಯಾಕ್ ಸಬ್ಬತ್‌ನ ನಾಲ್ವರೂ ಬೆಳೆದದ್ದು ಈ ಯುದ್ಧದ ಉಳಿಕೆಯ ನಡುವೆ. ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಇಟ್ಟಿಗೆ ಮನೆಗಳ ಸಾಲು. ಸಾಲಿನ ಮಧ್ಯೆ ಹಲ್ಲು ಉದುರಿದಂತೆ ಬಾಂಬು ಕಿತ್ತ ಖಾಲಿ ಜಾಗಗಳು. ಮಕ್ಕಳಿಗೆ ಅವೇ ಆಟದ ಬಯಲು. ಮನೆಯಿಂದ ಹೊರಗೆ ಕಕ್ಕಸು. ಕಾರ್ಖಾನೆಯ ದೊಡ್ಡ ಸುತ್ತಿಗೆಗಳು ಧಡ್ ಧಡ್ ಎಂದು ಬಡಿಯುವ ಸದ್ದು. ಆ ಸದ್ದು ತಮ್ಮ ಸಂಗೀತದೊಳಗೆ ಬಂದು ಕೂತಿತೆಂದು ತಂಡದವರು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡರು.

ಲಾಡ್ಜ್ ರಸ್ತೆಯ 14ನೇ ನಂಬರಿನ ಮನೆಯಲ್ಲಿ ಆಸ್ಬೋರ್ನ್ ಕುಟುಂಬ. ಆರು ಮಕ್ಕಳು. ಅಪ್ಪ ಜ್ಯಾಕ್ ಉಪಕರಣ ತಯಾರಿಸುವ ಕಸುಬುದಾರ, ರಾತ್ರಿ ಪಾಳಿ. ಅಮ್ಮ ಲಿಲಿಯನ್ ಲ್ಯೂಕಸ್ ಕಾರ್ಖಾನೆಯಲ್ಲಿ ಹಗಲು ಪಾಳಿ. ಮಗ ಜಾನ್, ಎಲ್ಲರ ಬಾಯಲ್ಲಿ ಆಝಿ. ಅಕ್ಷರಗಳು ಕಣ್ಣಮುಂದೆ ಕಲಸಿಹೋಗುವ ಡಿಸ್ಲೆಕ್ಸಿಯಾ ಅವನಿಗಿತ್ತು. ಹದಿನೈದಕ್ಕೇ ಶಾಲೆ ಬಿಟ್ಟ. ಲ್ಯೂಕಸ್‌ನಲ್ಲಿ ಕಾರಿನ ಹಾರನ್‌ಗಳ ಶ್ರುತಿ ಪರೀಕ್ಷಿಸುವ ಕೆಲಸ ಸಿಕ್ಕಿತು, ಆಮೇಲೆ ಕಸಾಯಿಖಾನೆ. ಬಟ್ಟೆ ಅಂಗಡಿಯಲ್ಲಿ ಕಳವು ಮಾಡಿ ಸಿಕ್ಕಿಬಿದ್ದಾಗ ದಂಡ ಕಟ್ಟಲು ಹಣವಿರಲಿಲ್ಲ. ಪಾಠ ಕಲಿಯಲೆಂದು ಅಪ್ಪನೂ ಕಟ್ಟಲಿಲ್ಲ. ಕೆಲವು ವಾರ ವಿನ್ಸನ್ ಗ್ರೀನ್ ಜೈಲಿನಲ್ಲಿ ಕಳೆದ. ಇದರ ನಡುವೆ ಟ್ರಾನ್ಸಿಸ್ಟರಿನಲ್ಲಿ ಕೇಳಿದ ಬೀಟಲ್ಸ್ ಹಾಡೊಂದು ಅವನ ತಲೆ ಹೊಕ್ಕು ಕೂತಿತ್ತು. ಅದೇ ಅಪ್ಪ ಸಾಲ ಮಾಡಿ ಮಗನಿಗೆ ಧ್ವನಿವರ್ಧಕ ಕೊಡಿಸಿದ. ಗಾಯಕನಿಗೆ ತಂಡ ಬೇಕಾಗಿದೆ, ಸ್ವಂತ ಧ್ವನಿವರ್ಧಕ ಉಂಟು ಎಂದು ಆಝಿ ಸಂಗೀತ ಸಾಮಗ್ರಿಯ ಅಂಗಡಿಯಲ್ಲಿ ಚೀಟಿ ಅಂಟಿಸಿದ.

ಚೀಟಿ ಓದಿ ಬಾಗಿಲು ತಟ್ಟಿದವರಲ್ಲಿ ಐಯೋಮಿಯೂ ಇದ್ದ. ಒಂದೇ ಶಾಲೆಯಲ್ಲಿ ಆಝಿಗಿಂತ ಒಂದು ವರ್ಷ ಮುಂದಿದ್ದವನು, ಅವನನ್ನು ಗೋಳು ಹೊಯ್ದುಕೊಂಡವನು. ಜೊತೆಗಿದ್ದ ಬಿಲ್ ವಾರ್ಡ್ ಡ್ರಮ್ ನುಡಿಸುವವನು, ಜಾಜ್ ಡ್ರಮ್ಮರ್ ಜೀನ್ ಕ್ರೂಪಾನ ಭಕ್ತ. ನಾಲ್ಕನೆಯವನು ಟೆರೆನ್ಸ್ ಬಟ್ಲರ್, ಗೀಝರ್ ಎಂದೇ ಪರಿಚಿತ. ಐರಿಷ್ ಮೂಲದ ದೊಡ್ಡ ಕ್ಯಾಥೊಲಿಕ್ ಕುಟುಂಬದವನು, ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಕಲಿತವನು, ಪುಸ್ತಕದ ಹುಳು. ಗಿಟಾರ್ ನುಡಿಸುತ್ತಿದ್ದ ಅವನು ತಂಡಕ್ಕಾಗಿ ಬೇಸ್ ಗಿಟಾರ್ ಹಿಡಿದ. 1968ರಲ್ಲಿ ನಾಲ್ವರೂ ಕೂಡಿದರು. ಮೊದಲು ಪೋಲ್ಕಾ ಟಲ್ಕ್, ಆಮೇಲೆ ಅರ್ತ್ ಎಂಬ ಹೆಸರುಗಳಲ್ಲಿ ಪಬ್ಬುಗಳಲ್ಲಿ ಬ್ಲೂಸ್ ನುಡಿಸಿದರು. ಸ್ಟೇಷನ್ ರಸ್ತೆಯ ಕ್ರೌನ್ ಪಬ್ಬಿನ ಮಾಳಿಗೆ ಅವರ ಮೊದಲ ನೆಲೆಗಳಲ್ಲೊಂದು.

ಅದೇ ವರ್ಷದ ಕೊನೆಗೆ ಐಯೋಮಿಯನ್ನು ಜೆತ್ರೋ ಟಲ್ ತಂಡ ಕರೆದೊಯ್ದಿತು. ಕೆಲವೇ ವಾರಗಳಲ್ಲಿ ಅವನು ಹಿಂದಿರುಗಿದ, ಬರುವಾಗ ಒಂದು ಪಾಠ ತಂದ. ಹೆಸರು ಮಾಡಿದ ತಂಡಗಳು ಬೆಳಿಗ್ಗೆ ಎದ್ದು ಕೂಲಿಯವರಂತೆ ಹೊತ್ತಿಗೆ ಸರಿಯಾಗಿ ಅಭ್ಯಾಸಕ್ಕೆ ಕೂರುತ್ತವೆ. ಇನ್ನು ನಾವೂ ಬೆಳಿಗ್ಗೆ ಒಂಬತ್ತಕ್ಕೆ ಹಾಜರಾಗಬೇಕೆಂದು ಅವನು ಕಟ್ಟುನಿಟ್ಟು ಮಾಡಿದ. ಕಾರ್ಖಾನೆಯ ಶಿಸ್ತನ್ನು ತೊರೆದು ಬಂದವರು ಅದನ್ನೇ ಹಾಡಿಗೆ ಹಾಕಿಕೊಂಡರು.

ಎದುರಿನ ಚಿತ್ರಮಂದಿರ

ಅಭ್ಯಾಸದ ಜಾಗದ ಎದುರಿಗೊಂದು ಚಿತ್ರಮಂದಿರ. ಹೆದರಿಕೆಯ ಸಿನಿಮಾ ಬಂದಾಗ ಟಿಕೆಟಿಗೆ ಸಾಲು. ದುಡ್ಡು ಕೊಟ್ಟು ಹೆದರಿಕೊಳ್ಳುವ ಜನರಿರುವಾಗ ಹೆದರಿಸುವ ಸಂಗೀತ ಯಾಕಿರಬಾರದು ಎಂಬ ಮಾತು ತಂಡದಲ್ಲಿ ಎದ್ದಿತು. ಅರ್ತ್ ಹೆಸರಿನ ಮತ್ತೊಂದು ತಂಡವೂ ಇದ್ದುದರಿಂದ ಹೊಸ ಹೆಸರೂ ಬೇಕಿತ್ತು. ಬೋರಿಸ್ ಕಾರ್ಲಾಫ್ ನಟಿಸಿದ 1963ರ ‘ಬ್ಲ್ಯಾಕ್ ಸಬ್ಬತ್’ ಚಿತ್ರದ ಹೆಸರು ಮೊದಲು ಹಾಡಿಗೆ ಬಂತು, ಹಾಡಿನಿಂದ ತಂಡಕ್ಕೆ ಬಂತು.

ಆ ಹಾಡನ್ನು ಹತ್ತಿರದಿಂದ ಕೇಳಬೇಕು. ಮಳೆ, ಗುಡುಗು, ದೂರದ ಚರ್ಚಿನ ಗಂಟೆ. ಆಮೇಲೆ ಗಿಟಾರಿನ ಮೂರೇ ಮೂರು ಸ್ವರ. ನಮ್ಮ ಸಂಗೀತದ ಲೆಕ್ಕದಲ್ಲಿ ಮಂದ್ರದ ಷಡ್ಜ, ಅದರ ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಆ ಪ್ರತಿಮಧ್ಯಮದಲ್ಲಿ ಐಯೋಮಿ ನಿಂತುಬಿಡುತ್ತಾನೆ, ಬೆರಳನ್ನು ಅಲುಗಿಸಿ ಸ್ವರವನ್ನು ನಡುಗಿಸುತ್ತಾನೆ. ಪಂಚಮಕ್ಕೆ ಏರಿದರೆ ಕಿವಿಗೆ ನೆಮ್ಮದಿ. ಅವನು ಏರುವುದಿಲ್ಲ. ಕಲ್ಯಾಣಿಯಲ್ಲಿ ಇದೇ ಪ್ರತಿಮಧ್ಯಮ ನಮಗೆ ಮಂಗಳಕರ. ಯುರೋಪಿನ ಹಳೆಯ ಸಂಗೀತಶಾಸ್ತ್ರದಲ್ಲಿ ಷಡ್ಜದಿಂದ ಅಲ್ಲಿಗಿರುವ ಅಂತರಕ್ಕೆ ಸೈತಾನನ ಹೆಸರು ಅಂಟಿತ್ತು. ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಕಾರ ಮಂಗಳಗ್ರಹದ ಹೆಸರಲ್ಲಿ ಕಟ್ಟಿದ ಯುದ್ಧದ ಕೃತಿಯನ್ನು ಗೀಝರ್ ಬೇಸ್ ಮೇಲೆ ಗೀರುತ್ತಿದ್ದ. ಅದರ ಗುಂಗಿನಲ್ಲೇ ಐಯೋಮಿಗೆ ಈ ಮೂರು ಸ್ವರ ಹೊಳೆದವು. ಬಿಲ್ ವಾರ್ಡ್ ಡ್ರಮ್ಮಿನ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಬೇಕೆಂದೇ ಉದ್ದದ ಮೌನ ಬಿಡುತ್ತಾನೆ. ಕೇಳುವವನ ಭಯ ತುಂಬಿಕೊಳ್ಳುವುದು ಆ ಮೌನದಲ್ಲಿ.

1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ, ರಾಜರ್ ಬೇನ್ ನಿರ್ಮಾಣದಲ್ಲಿ, ಅವರ ಮೊದಲ ಆಲ್ಬಂ ಇಡಿಯಾಗಿ ಒಂದೇ ದಿನದಲ್ಲಿ ಧ್ವನಿಮುದ್ರಣವಾಯಿತು. ಪಬ್ಬಿನಲ್ಲಿ ನುಡಿಸುವಂತೆಯೇ ನಿಂತು ನುಡಿಸಿದರು. ಮೊದಲ ಹಾಡು ಮುಗಿಯುತ್ತಿದ್ದಂತೆ ಐಯೋಮಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಪಿಕಪ್ ಕೈಕೊಟ್ಟಿತು. ಹೊತ್ತು ಹಾಳುಮಾಡುವಂತಿರಲಿಲ್ಲ. ಜೊತೆಗೆ ತಂದಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡ. ಆ ಗಿಟಾರ್ ಮುಂದೆ ಅವನ ಗುರುತೇ ಆಯಿತು.

1970ರ ಫೆಬ್ರುವರಿ 13, ಶುಕ್ರವಾರ ಆಲ್ಬಂ ಬಂತು. ಹೊದಿಕೆಯ ಮೇಲೆ ಆಕ್ಸ್‌ಫರ್ಡ್‌ಶೈರಿನ ಮೇಪಲ್‌ಡರಂ ನೀರುಗಿರಣಿ, ಅದರ ಮುಂದೆ ಕಪ್ಪು ಉಡುಪಿನ ಹೆಂಗಸು. ಒಳಪುಟದಲ್ಲಿ ತಂಡಕ್ಕೆ ತಿಳಿಸದೆ ಕಂಪನಿಯವರು ತಲೆಕೆಳಗಾದ ಶಿಲುಬೆಯ ಚಿತ್ರ ಹಾಕಿದ್ದರು. ಹುಡುಗರು ಸೈತಾನನ ಆರಾಧಕರೆಂಬ ಸುದ್ದಿ ಹಬ್ಬಿತು. ಆಗ ಅವರೆಲ್ಲ ಕೊರಳಿಗೆ ಶಿಲುಬೆ ಹಾಕಿಕೊಂಡರು. ಆ ಶಿಲುಬೆಗಳನ್ನು ಲೋಹದಲ್ಲಿ ಕತ್ತರಿಸಿ ನಯಮಾಡಿಕೊಟ್ಟದ್ದು ಆಝಿಯ ಅಪ್ಪ. ಜಗತ್ತಿನ ಕಣ್ಣಿಗೆ ಮಾಟದ ಚಿಹ್ನೆಯಾಗಿ ಕಂಡದ್ದು ಆಸ್ಟನ್ನಿನ ಒಬ್ಬ ಕಾರ್ಮಿಕ ತನ್ನ ಮಗನಿಗೂ ಅವನ ಗೆಳೆಯರಿಗೂ ಮಾಡಿಕೊಟ್ಟ ರಕ್ಷೆ.

ಹೂವಿಲ್ಲದ ಊರಿನ ಹಾಡು

ವಿಮರ್ಶಕರು ಮುಖ ತಿರುಗಿಸಿದರು. ಒರಟು, ಬರೀ ಏಕತಾನ ಎಂದರು. ಜನ ಕೊಂಡರು, ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಎಂಟನೇ ಸ್ಥಾನಕ್ಕೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ‘ಪ್ಯಾರನಾಯ್ಡ್’ ಮೊದಲ ಸ್ಥಾನಕ್ಕೆ ಹೋಯಿತು. ಆ ಶೀರ್ಷಿಕೆ ಗೀತೆಯಂತೂ ಆಲ್ಬಂನ ಉದ್ದ ಸಾಲದೆಂದು ಕೊನೆ ಗಳಿಗೆಯಲ್ಲಿ ಅರ್ಧ ಗಂಟೆಯೊಳಗೆ ಹೊಸೆದದ್ದು.

ಜನ ಯಾಕೆ ಕೊಂಡರು? ಅರವತ್ತರ ದಶಕದ ಕೊನೆಯ ರಾಕ್ ಸಂಗೀತ ಪ್ರೀತಿ, ಶಾಂತಿ, ತಲೆಯಲ್ಲಿ ಹೂ ಎಂದು ಹಾಡುತ್ತಿತ್ತು. ಆಸ್ಟನ್ನಿನ ಹೊಗೆಯಲ್ಲಿ ಹೂವೆಲ್ಲಿ? ವಿಯೆಟ್ನಾಂ ಯುದ್ಧ ನಡೆದಿತ್ತು, ಅಣುಬಾಂಬಿನ ದಿಗಿಲು ಮನೆಮನೆಯಲ್ಲಿತ್ತು, ಕೆಲಸದ ದಿನ ಕೊನೆಯಿಲ್ಲದೆ ಉದ್ದವಿತ್ತು. ಇದನ್ನು ಬರೆದವನು ಗೀಝರ್. ‘ವಾರ್ ಪಿಗ್ಸ್’ ಹಾಡಿನಲ್ಲಿ ಯುದ್ಧ ಸಾರುವ ದೊಡ್ಡವರ ವಿರುದ್ಧವೂ ಸಾಯಲು ಹೋಗುವ ಬಡವರ ಮಕ್ಕಳ ಪರವಾಗಿಯೂ ಮಾತಾಡಿದ. ‘ಹ್ಯಾಂಡ್ ಆಫ್ ಡೂಮ್’ನಲ್ಲಿ ಹೆರಾಯಿನ್ನಿಗೆ ಬಿದ್ದ ಸೈನಿಕರ ಪಾಡು ಹೇಳಿದ. ‘ಪ್ಯಾರನಾಯ್ಡ್’ ಖಿನ್ನತೆಯ ಹಾಡು. ಮನಸ್ಸಿನ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವ ಮಾತೇ ಗಂಡಸರ ನಡುವೆ ಇಲ್ಲದ ಕಾಲದಲ್ಲಿ ಅದನ್ನು ಬರೆದ. ಈ ಸಾಲುಗಳನ್ನು ಆಝಿ ಹಾಡಿದ ರೀತಿಯಲ್ಲಿ ಚಮತ್ಕಾರವಿಲ್ಲ. ತೆಳ್ಳನೆಯ, ಎತ್ತರದ, ಬೀದಿಯಲ್ಲಿ ಯಾರನ್ನೋ ಕೂಗುವಂಥ ದನಿ. ಬಹಳ ಸಲ ಗಿಟಾರ್ ಹಿಡಿದ ಸ್ವರದ ದಾರಿಯಲ್ಲೇ ಅವನೂ ನಡೆಯುತ್ತಾನೆ. ಆ ನೇರತನವೇ ಕೇಳುಗನ ಎದೆಗೆ ಬರುತ್ತದೆ.

ಗಿಟಾರಿನ ಭಾರ ಬಂದದ್ದು ಬೆರಳಿನ ಗಾಯದಿಂದ. ಟೊಪ್ಪಿಗೆ ತೊಟ್ಟ ಬೆರಳಿಗೆ ತಂತಿಯ ಸ್ಪರ್ಶ ತಿಳಿಯದು. ಎಷ್ಟು ಒತ್ತಿದೆ ಎಂಬುದನ್ನು ಕಿವಿಯೇ ಹೇಳಬೇಕು. ದಪ್ಪ ತಂತಿ ಎಳೆದರೆ ನೋವು. ಆಗ ಗಿಟಾರಿಗೆ ತೆಳು ತಂತಿಗಳು ಸಿಗುತ್ತಿರಲಿಲ್ಲ, ಬ್ಯಾಂಜೊ ತಂತಿಗಳನ್ನು ಕಟ್ಟಿಕೊಂಡ. ನಾಲ್ಕು ಬೆರಳು ಚಾಚುವ ತೊಡಕಿನ ಹಿಡಿತಗಳನ್ನು ಬಿಟ್ಟು ಷಡ್ಜ–ಪಂಚಮದಂಥ ಎರಡು ಮೂರು ಸ್ವರಗಳ ಗಟ್ಟಿ ಜೋಡಣೆಗೆ ಒಲಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂಗೆ ಬರುವಷ್ಟರಲ್ಲಿ ಕೆಲವು ಹಾಡುಗಳಿಗೆ ಇಡೀ ಗಿಟಾರಿನ ಶ್ರುತಿಯನ್ನೇ ಮೂರು ಅರ್ಧಸ್ವರ ಇಳಿಸಿದ. ತಂತಿ ಸಡಿಲಾಯಿತು, ಬೆರಳಿಗೆ ಹಗುರವಾಯಿತು. ಕಿವಿಗೆ ಮಾತ್ರ ಅದು ನೆಲದಾಳದಿಂದ ಬಂದ ಗುಡುಗು. ಗೀಝರ್ ಕೂಡ ಬೇಸಿನ ಶ್ರುತಿ ಇಳಿಸಿ ಅದರ ಕೆಳಗೆ ನಿಂತ. ಇಂದು ಜಗತ್ತಿನಾದ್ಯಂತ ಸಾವಿರಾರು ತಂಡಗಳು ಶ್ರುತಿ ಇಳಿಸಿ ನುಡಿಸುತ್ತವೆ. ಶೈಲಿಯೆಂದು ಅವರು ಕಲಿಯುವುದು ಮೊದಲಿಗೆ ಒಬ್ಬ ಗಾಯಾಳು ಕಂಡುಕೊಂಡ ಉಪಾಯವಾಗಿತ್ತು.

ಏರಿದವರು ಇಳಿದದ್ದೂ ಬೇಗ. ಹಣ ಬಂತು, ಕೊಕೇನ್ ಬಂತು, ವ್ಯವಸ್ಥಾಪಕರ ಜೊತೆ ಜಗಳ ಬಂತು. 1979ರಲ್ಲಿ ಆಝಿಯನ್ನು ಹೊರಗೆ ಹಾಕಿದರು. ರಾನಿ ಜೇಮ್ಸ್ ಡಿಯೊ ಎಂಬ ಅಮೆರಿಕದ ಗಾಯಕ ಬಂದು 1980ರ ‘ಹೆವನ್ ಅಂಡ್ ಹೆಲ್’ ಮೂಲಕ ತಂಡಕ್ಕೆ ಮರುಜೀವ ಕೊಟ್ಟ. ಕಿರುಬೆರಳು, ತೋರುಬೆರಳು ಎತ್ತಿ ಹಿಡಿಯುವ ಕೊಂಬಿನ ಮುದ್ರೆಯನ್ನು ಮೆಟಲ್ ಲೋಕದ ನಮಸ್ಕಾರವಾಗಿಸಿದವನೂ ಅವನೇ. ಮುಂದೆ ಎಷ್ಟೋ ಮಂದಿ ಬಂದರು, ಹೋದರು. ಎಲ್ಲ ಆಲ್ಬಂಗಳಲ್ಲೂ ಉಳಿದವನು ಐಯೋಮಿ ಒಬ್ಬನೇ. 2012ರಲ್ಲಿ ಅವನಿಗೆ ಲಿಂಫೋಮಾ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ನಡುವೆಯೇ, ತಂಡಕ್ಕೆ ಮರಳಿದ್ದ ಆಝಿ ಮತ್ತು ಗೀಝರ್ ಜೊತೆ ‘13’ ಆಲ್ಬಂ ಮುಗಿಸಿದ. 2013ರಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ‘ಪ್ಯಾರನಾಯ್ಡ್’ ಆದ ಮೇಲೆ ಆ ಸ್ಥಾನ ಕಾಣಲು ಅವರಿಗೆ ಹಿಡಿದದ್ದು 43 ವರ್ಷ.

ಮನೆಯಂಗಳದಲ್ಲಿ ಕೊನೆಯ ಕಚೇರಿ

ಆಸ್ಟನ್ನಿನ ಫುಟ್‌ಬಾಲ್ ಮೈದಾನ ವಿಲ್ಲಾ ಪಾರ್ಕ್. ಪಂದ್ಯದ ದಿನ ಅಲ್ಲಿ ನಿಲ್ಲಿಸಿದ ಕಾರುಗಳನ್ನು ಕಾಯುತ್ತೇವೆಂದು ಹೇಳಿ ಚಿಲ್ಲರೆ ಕಾಸು ಗಿಟ್ಟಿಸುವುದು ಆ ಕೇರಿಯ ಹುಡುಗರ ರೂಢಿ; ಆಝಿಯೂ ಹಾಗೆ ಕಾರು ಕಾದವನು. 2025ರ ಜುಲೈ 5ರಂದು ಅದೇ ಮೈದಾನದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮೆಟಾಲಿಕಾ, ಗನ್ಸ್ ಎನ್ ರೋಸಸ್, ಸ್ಲೇಯರ್, ಟೂಲ್, ಪ್ಯಾಂಟೆರಾ ತಂಡಗಳು ಒಂದರ ಹಿಂದೊಂದು ಬಂದು ನುಡಿಸಿದವು. ಪ್ರತಿ ತಂಡವೂ ತನ್ನ ಹಾಡುಗಳ ನಡುವೆ ಗುರುಗಳ ಹಾಡನ್ನೂ ಹಾಡಿತು. ಮಧ್ಯಾಹ್ನದಿಂದ ರಾತ್ರಿವರೆಗೆ ನಡೆದ ಗುರುಪೂಜೆ ಅದು. ಹಣ ಹೋದದ್ದು ಪಾರ್ಕಿನ್‌ಸನ್ಸ್ ಕಾಯಿಲೆಯ ಸಂಶೋಧನೆಗೆ, ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ, ಸಾವಿನಂಚಿನ ಮಕ್ಕಳನ್ನು ನೋಡಿಕೊಳ್ಳುವ ಏಕಾರ್ನ್ಸ್ ಸಂಸ್ಥೆಗೆ.

ಪಾರ್ಕಿನ್‌ಸನ್ಸ್‌ನಿಂದ ನಿಲ್ಲಲಾರದ ಆಝಿ ಕಪ್ಪು ಸಿಂಹಾಸನದಲ್ಲಿ ಕುಳಿತೇ ವೇದಿಕೆಗೆ ಬಂದ. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಮೂಲ ನಾಲ್ವರೂ ಒಟ್ಟಾದರು. 77ರ ಬಿಲ್ ವಾರ್ಡ್ ಹಳೆಯ ದಿನಗಳಂತೆ ಅಂಗಿ ಕಳಚಿ ಡ್ರಮ್ ಬಾರಿಸಿದ. ನಾಲ್ಕೇ ಹಾಡು: ‘ವಾರ್ ಪಿಗ್ಸ್’, ‘ಎನ್‌ಐಬಿ’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’. ಆಝಿಯ ಕೈ ನಡುಗುತ್ತಿತ್ತು, ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಎದ್ದು ನಿಲ್ಲಬೇಕೆಂದು ಮೈ ಮತ್ತೆ ಮತ್ತೆ ಮುಂದಕ್ಕೆ ತುಯ್ಯುತ್ತಿತ್ತು. ಹದಿನೇಳು ದಿನಗಳ ನಂತರ, ಜುಲೈ 22ರಂದು, 76ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. 30ರಂದು ಅವನ ಕೊನೆಯ ಮೆರವಣಿಗೆ ನಗರದ ನಡುವಿನ ಬ್ರಾಡ್ ರಸ್ತೆಯಲ್ಲಿ, ತಂಡದ ಹೆಸರನ್ನೇ ಹೊತ್ತ ಸೇತುವೆಯ ಮೇಲೆ ನಿಂತು ಸಾಗಿತು. ಮುಂದೆ ಊರಿನ ಹಿತ್ತಾಳೆ ವಾದ್ಯದವರು, ಇಕ್ಕೆಲದಲ್ಲಿ ಸಾವಿರಾರು ಜನ. ಒಂದು ಕಾಲಕ್ಕೆ ಈ ಹುಡುಗನನ್ನು ಜೈಲಿಗೆ ಕಳಿಸಿದ ನಗರ, ಅವನು ಸಾಯುವ ಕೆಲವು ವಾರ ಮುಂಚೆ ನಾಲ್ವರಿಗೂ ತನ್ನ ಅತ್ಯುನ್ನತ ಪೌರ ಗೌರವ ಕೊಟ್ಟಿತ್ತು.

ಈ ಪರಂಪರೆಯ ಒಂದು ಕವಲು ನಮ್ಮಲ್ಲಿಗೂ ಬಂದಿದೆ. 2006ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬ್ಲ್ಯಾಕ್ ಸಬ್ಬತ್ ಸೇರಿದಾಗ ಅವರನ್ನು ಬರಮಾಡಿಕೊಂಡದ್ದು ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಉಲ್ರಿಕ್. ಅದೇ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅದಕ್ಕೂ ಮೊದಲು, 2007ರ ಮಾರ್ಚಿನಲ್ಲಿ, ಲಂಡನ್ನಿನ ಐರನ್ ಮೇಡನ್ ಅಲ್ಲಿಗೆ ಬಂದಿತ್ತು. ಕಪ್ಪು ಟಿ-ಶರ್ಟಿನ ಸಾವಿರಾರು ಹುಡುಗ ಹುಡುಗಿಯರು ಅಂದು ಕುಣಿದ ಲಯದ ಮೂಲ ಆಸ್ಟನ್. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವದವರೆಗೂ ಹೋಗಿ ನುಡಿಸಿ ಬಂದಿದೆ.

ಬಿಎಸ್‌ಎ ಮುಚ್ಚಿತು. ಲ್ಯೂಕಸ್‌ನ ದೊಡ್ಡ ಕಾರ್ಖಾನೆಗಳು ಹೋದವು. ಸಾವಿರ ಕಸುಬುಗಳ ನಗರದಲ್ಲಿ ತಯಾರಾದ ಎಷ್ಟೋ ವಸ್ತುಗಳು ಇಂದು ಮ್ಯೂಸಿಯಂ ಸೇರಿವೆ. ಆ ಕಾಲದ ಒಂದು ಸರಕು ಮಾತ್ರ ಇನ್ನೂ ದಿನಬಳಕೆಯಲ್ಲಿದೆ. ಹೊಸದಾಗಿ ಗಿಟಾರ್ ಹಿಡಿದವರು ‘ಐರನ್ ಮ್ಯಾನ್’ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ, ಭಯವನ್ನೋ ಖಿನ್ನತೆಯನ್ನೋ ಯಾರಲ್ಲೂ ಹೇಳಲಾಗದವರು ಈ ಹಾಡುಗಳಲ್ಲಿ ಜೊತೆ ಕಾಣುತ್ತಾರೆ. ಬ್ಲ್ಯಾಕ್ ಸಬ್ಬತ್ ಬಿಟ್ಟುಹೋದ ಆಸ್ತಿಯೆಂದರೆ ನನಗೆ ಇದು: ಚೆನ್ನಾದ ಬೆರಳು, ಚೆನ್ನಾದ ಕೇರಿ, ಚೆನ್ನಾದ ಓದು ಸಿಗಲೆಂದು ಕಾಯುತ್ತ ಕೂರಬೇಡ, ಕೈಯಲ್ಲಿ ಇರುವುದರಿಂದಲೇ ಮಾಡು, ಮಾಡುವಾಗ ಕಂಡದ್ದನ್ನು ಕಂಡಂತೆ ಹೇಳು ಎಂಬ ಧೈರ್ಯ. ದುಡಿದು ಬದುಕುವವರ ಮಕ್ಕಳಿಗೆ ಸಂಗೀತ ಇದಕ್ಕಿಂತ ದೊಡ್ಡದನ್ನು ಕೊಡಲಾರದು.